'ತಕ್ಕದ್ದು' ಮತ್ತು 'ಒಳ್ಳೆಯದು': ಪೀಣ್ಯದ ಬೀದಿಗಳಲ್ಲಿ ಒಂದು ದಿನ

ಪೀಣ್ಯ ಎರಡನೇ ಹಂತದಲ್ಲಿ ಒಂದು ಕಾರ್ಖಾನೆ. ಗೇಟು ದಾಟುವ ಮೊದಲೇ ಎಡಗಡೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ತಗಡಿನ ಬೋರ್ಡು. ಬಿಸಿಲಿಗೆ ಬಣ್ಣ ಹೋಗಿದೆ, ಮಳೆಗೆ ಅಂಚು ತುಕ್ಕು ಹಿಡಿದಿದೆ, ಅಕ್ಷರಗಳು ಅರ್ಧಂಬರ್ಧ ಉಳಿದಿವೆ. ಕಾರ್ಖಾನೆಗಳ ಅಧಿನಿಯಮ 1948, ಅದರ ಸಾರಾಂಶ. ಓದುತ್ತಾ ಹೋದರೆ ಸಾಲು ಸಾಲಿನ ಕೊನೆಗೂ ಒಂದೇ ಪದ ಬಂದು ನಿಲ್ಲುತ್ತದೆ: ಹಾಕತಕ್ಕದ್ದು, ಇಡತಕ್ಕದ್ದು, ಒದಗಿಸತಕ್ಕದ್ದು. ಒಳಗೆ ಹೋದೆವು. ಸ್ವಾಗತ ಕೋಣೆಯಲ್ಲಿ ತಣ್ಣನೆಯ ಗಾಳಿ, ಗಾಜಿನ ಮೇಜು, ಹಿಂದಿನ ಗೋಡೆಯ ಮೇಲೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಐಎಸ್‌ಒ 45001 ಪ್ರಮಾಣಪತ್ರ. ಅದರ ನೆತ್ತಿಯ ಮೇಲೆ ಪುಟ್ಟದೊಂದು ದೀಪ.

"ನೋಡಮ್ಮ, ಹೊರಗಿರೋದು ಕಾನೂನು, ಒಳಗಿರೋದು ಸ್ಟ್ಯಾಂಡರ್ಡು" ಎಂದರು ಜೊತೆಗಿದ್ದ ಹಿರಿಯರು. "ಹೊರಗಿರೋದನ್ನ ಕೆಲಸಗಾರರಿಗೆ ಅಂತ ಹಾಕಿದಾರೆ, ಒಳಗಿರೋದನ್ನ ಗಿರಾಕಿಗೆ ಅಂತ ಹಾಕಿದಾರೆ. ಯಾವುದಕ್ಕೆ ದೀಪ ಇದೆ ಅನ್ನೋದನ್ನ ಬರ್ಕೋ."

ಅವರು ನಿವೃತ್ತ ಸುರಕ್ಷತಾಧಿಕಾರಿ. ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು, ಈಗ ಸಣ್ಣವರು ಕರೆದರೆ ಹೋಗಿ ಸಲಹೆ ಕೊಡುತ್ತಾರೆ. ಹೆಸರು ಬರೆಯಕೂಡದು ಎಂಬ ಷರತ್ತಿನ ಮೇಲೆ ಒಂದು ದಿನ ನನ್ನನ್ನು ಸುತ್ತಿಸಲು ಒಪ್ಪಿದ್ದರು. ಈ ಸುತ್ತಾಟಕ್ಕೆ ನನ್ನ ಮನೆಯದೇ ಒಂದು ಕಾರಣವೂ ಇದೆ. ನಮ್ಮ ಚಿಕ್ಕಪ್ಪ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು. ಅವರ ಬಲಗೈಯಲ್ಲಿ ಮೂರೇ ಬೆರಳು. ಹಬ್ಬಕ್ಕೆ ಊರಿಗೆ ಬಂದಾಗ ಆ ಕೈಯಲ್ಲಿ ಅವರು ನನ್ನ ತಲೆ ಸವರುತ್ತಿದ್ದರೆ, ನಾನು ಕಣ್ಣು ಮುಚ್ಚಿಕೊಂಡು ಬೆರಳು ಎಣಿಸುತ್ತಿದ್ದೆ. ಮನೆಯಲ್ಲಿ ಅದರ ಬಗ್ಗೆ ಇದ್ದ ಮಾತು ಒಂದೇ: 'ಮಿಷನ್ನಿಗೆ ಕೈ ಸಿಕ್ಕಿತು.' ಆ ವಾಕ್ಯದಲ್ಲಿ ಮಿಷನ್ ಇದೆ, ಕೈ ಇದೆ. ಮಾಲೀಕ ಇಲ್ಲ, ಕಾನೂನು ಇಲ್ಲ. ಯಾರು ಏನು ಮಾಡಬೇಕಿತ್ತು ಎಂಬ ಪ್ರಶ್ನೆಯೂ ಇಲ್ಲ.

ಬೆಳಿಗ್ಗೆ ಎಂಟರ ಸುಮಾರಿಗೆ 'ಪೀಣ್ಯ ಇಂಡಸ್ಟ್ರಿ' ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿದರೆ ಜನಪ್ರವಾಹವೇ ನಿಮ್ಮನ್ನು ಒಳರಸ್ತೆಗೆ ಒಯ್ಯುತ್ತದೆ. ಬೆನ್ನಿಗೆ ಬ್ಯಾಗು, ಬ್ಯಾಗಿನಲ್ಲಿ ಊಟದ ಡಬ್ಬಿ, ಕಾಲಿಗೆ ಬಹುತೇಕ ಚಪ್ಪಲಿ. ಕನ್ನಡದಷ್ಟೇ ಹಿಂದಿ, ಒಡಿಯಾ, ಬಂಗಾಳಿಯೂ ಕಿವಿಗೆ ಬೀಳುತ್ತವೆ. ಎಪ್ಪತ್ತರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶದಲ್ಲಿ ಇಂದು ಲೇತು, ಮಿಲ್ಲಿಂಗು, ಪ್ಲೇಟಿಂಗು, ಪೌಡರ್ ಕೋಟಿಂಗು, ಗಾರ್ಮೆಂಟ್ಸು, ಏನುಂಟು ಏನಿಲ್ಲ. ಒಂದು ರಸ್ತೆಯಲ್ಲಿ ಆಸಿಡ್ ವಾಸನೆ, ಮುಂದಿನದರಲ್ಲಿ ಸುಟ್ಟ ಎಣ್ಣೆಯ ವಾಸನೆ, ಅದರಾಚೆ ಕುದಿಯುವ ಚಹಾದ ವಾಸನೆ. ಇವೆಲ್ಲದರ ಅಡಿಯಲ್ಲಿ ನೆಲದಿಂದಲೇ ಬರುವಂತೆ ಪ್ರೆಸ್‌ಗಳ ಧಡ್ ಧಡ್.

ತುಮಕೂರು ರಸ್ತೆಯ ಬದಿಯಲ್ಲಿ, ಇದೇ ಪೀಣ್ಯದ ಮೊದಲ ಹಂತದಲ್ಲಿ, ಭಾರತೀಯ ಮಾನಕ ಬ್ಯೂರೊದ ಬೆಂಗಳೂರು ಕಚೇರಿ ಇದೆ. ಐಎಸ್‌ಐ ಮುದ್ರೆ ಕೊಡುವ ಬಿಐಎಸ್ ಇದೇ. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೂ ಏಳು ತಿಂಗಳು ಮೊದಲು, ಭಾರತೀಯ ಮಾನಕ ಸಂಸ್ಥೆಯಾಗಿ ಹುಟ್ಟಿದ್ದು. ಈವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾನಕಗಳನ್ನು ಹೊರಡಿಸಿದೆ. ಹೆಲ್ಮೆಟ್ ಹೇಗಿರಬೇಕು, ಅರ್ತಿಂಗ್ ಹೇಗೆ ಮಾಡಬೇಕು, ಬೆಂಕಿ ಆರಿಸುವ ಸಿಲಿಂಡರನ್ನು ಎಲ್ಲಿ ತೂಗುಹಾಕಬೇಕು, ಕಾರ್ಖಾನೆಯ ಸುರಕ್ಷತೆಯನ್ನು ಹೇಗೆ ಪರಿಶೀಲಿಸಬೇಕು, ಎಲ್ಲಕ್ಕೂ ಒಂದೊಂದು ಸಂಖ್ಯೆ ಇದೆ. ಸರ್ಕಾರಿ ಕಟ್ಟಡದಿಂದ ಬಂದದ್ದಾದ್ದರಿಂದ ಇದೂ ಕಾನೂನೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅಲ್ಲ. ಮಾನಕ ತಾನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಒಪ್ಪಿಕೊಂಡವರಿಗೆ ಮಾತ್ರ ಅದು. 2016ರ ಬಿಐಎಸ್ ಕಾಯ್ದೆಯ 16ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಆದೇಶ ಹೊರಡಿಸಿದಾಗಲೇ ಆ ಸರಕಿಗೆ ಮುದ್ರೆ ಕಡ್ಡಾಯವಾಗುತ್ತದೆ. 'ಮಾಡಿದರೆ ಒಳ್ಳೆಯದು' ಎಂಬುದು 'ಮಾಡತಕ್ಕದ್ದು' ಆಗುವುದು ಆ ಗಳಿಗೆಯಲ್ಲಿ.

ಆ ಗಳಿಗೆ ಹೇಗಿರುತ್ತದೆಂದು ತೋರಿಸಲು ಹಿರಿಯರು ಕಚೇರಿಯೊಳಗೆ ಕರೆದೊಯ್ಯಲಿಲ್ಲ, ಸೇಫ್ಟಿ ಶೂ ಮಾರುವ ಅಂಗಡಿಗೆ ಕರೆದೊಯ್ದರು. ಬೂಟಿನ ಮೂತಿಯನ್ನು ಗೆಣ್ಣಿನಿಂದ ಕುಟ್ಟಿದರು. ಟಕ್ ಟಕ್ ಎಂದಿತು. ಒಳಗಿನ ಉಕ್ಕಿನ ಟೋಪಿ 200 ಜೂಲ್ ಹೊಡೆತ ತಡೆಯಬೇಕು ಎನ್ನುತ್ತದೆ ಐಎಸ್ 15298. ಸರಳವಾಗಿ ಹೇಳುವುದಾದರೆ ಒಂದು ಮೀಟರ್ ಎತ್ತರದಿಂದ ಇಪ್ಪತ್ತು ಕಿಲೊ ಬಿದ್ದರೂ ಕಾಲ್ಬೆರಳು ಉಳಿಯಬೇಕು. ಹಿಂದೆ ಇದು ಇಷ್ಟವಿದ್ದ ತಯಾರಕರ ಪಾಲಿನ ಮಾತಾಗಿತ್ತು. 2020ರಲ್ಲಿ ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ ರಕ್ಷಣಾ ಪಾದರಕ್ಷೆಗೆ ಐಎಸ್‌ಐ ಮುದ್ರೆಯನ್ನು ಕಡ್ಡಾಯ ಮಾಡಿತು. ಅದೇ ಬೂಟು, ಅದೇ ಉಕ್ಕು. ಬದಲಾದದ್ದು ಇಷ್ಟೇ: ಮುದ್ರೆ ಇಲ್ಲದ್ದನ್ನು ಸೇಫ್ಟಿ ಶೂ ಎಂದು ಮಾರುವುದು ಈಗ ಅಪರಾಧ.

ಅಲ್ಲಿಂದ ಎರಡು ತಿರುವು ದಾಟಿ ನಾವು ಹೋದದ್ದು ಒಂದು ಪ್ರೆಸ್ ಶೆಡ್ಡಿಗೆ. ಈ ಬರಹದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು.

ಮುಂಭಾಗದಲ್ಲಿ ರೋಲಿಂಗ್ ಶಟರು, ಮೇಲೆ ಸಿಮೆಂಟ್ ಶೀಟು, ಒಳಗೆ ಐದು ಪವರ್ ಪ್ರೆಸ್. ಮಾಲೀಕರು ಒಂದು ಕಾಲಕ್ಕೆ ತಾವೇ ಪ್ರೆಸ್ ಮೇಲೆ ಕೂತವರು, ತುಮಕೂರು ಕಡೆಯವರು. ಬೈಕು, ಕಾರುಗಳ ಬಿಡಿಭಾಗ ಮಾಡುವ ಕಂಪನಿಗೆ ಬ್ರಾಕೆಟ್, ವಾಷರ್ ಹೊಡೆದುಕೊಡುವ ಜಾಬ್‌ವರ್ಕ್. ಕೆಲಸಗಾರರು ಎಷ್ಟು ಜನ ಎಂದೆ. "ಒಂಬತ್ತು, ಮೇಡಂ" ಎಂದರು. ಹಿರಿಯರು ನನ್ನ ಮುಖ ನೋಡಿದರು. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಜಾಗ 'ಕಾರ್ಖಾನೆ' ಅನ್ನಿಸಿಕೊಳ್ಳಲು ಕನಿಷ್ಠ ಹತ್ತು ಜನ ಬೇಕಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತಕ್ಕೆ ಏರಿದೆ. ಉದ್ಯೋಗದಾತರ ಸಾಮಾನ್ಯ ಕರ್ತವ್ಯಗಳು ಹತ್ತು ಜನರಿರುವ ಸಂಸ್ಥೆಯಿಂದಲೇ ಶುರುವಾಗುತ್ತವೆ. ಹೇಗೆ ಲೆಕ್ಕ ಹಾಕಿದರೂ ಒಂಬತ್ತು ಹೊರಗೇ ಉಳಿಯುತ್ತದೆ. ಈ ಮಾಲೀಕರು ಸುಳ್ಳು ಹೇಳುತ್ತಿರಲಿಲ್ಲ. ಶೆಡ್ಡಿನಲ್ಲಿ ತಲೆ ಎಣಿಸಿದೆ, ಒಂಬತ್ತೇ. ಆದರೆ ಒಂಬತ್ತಕ್ಕೇ ನಿಲ್ಲುವ ಶೆಡ್ಡುಗಳು ಈ ಬೀದಿಯಲ್ಲಿ ಇದೊಂದೇ ಅಲ್ಲ ಎಂದರು ಹಿರಿಯರು.

ಮೂಲೆಯ ಪ್ರೆಸ್ ಮೇಲೆ ಒಡಿಶಾದ ಹುಡುಗ ಕೂತಿದ್ದ. ಎಡಗೈಯಲ್ಲಿ ತಗಡಿನ ತುಂಡು ಎತ್ತಿ ಡೈ ಮೇಲೆ ಇಡುತ್ತಾನೆ, ಕಾಲಲ್ಲಿ ಪೆಡಲ್ ತುಳಿಯುತ್ತಾನೆ, ಧಡ್, ಬಲಗೈಯಲ್ಲಿ ಪೀಸು ತೆಗೆಯುತ್ತಾನೆ. ಮತ್ತೆ ಎಡಗೈ. ಕೈ ಕಾಲು ಎರಡೂ ಒಂದೇ ತಾಳಕ್ಕೆ ಬಿದ್ದಿದ್ದವು. ಆ ತಾಳವೇ ಅಪಾಯ. ಮಧ್ಯಾಹ್ನ ಮೂರರ ಹೊತ್ತಿಗೆ ದಣಿದ ದೇಹದಲ್ಲಿ ಕಾಲು ಒಂದು ಗಳಿಗೆ ಮುಂದೆ ಹೋಗುತ್ತದೆ, ಕೈ ಒಂದು ಗಳಿಗೆ ಹಿಂದೆ ಉಳಿಯುತ್ತದೆ. ಹಳೆಯ ಕಾಯ್ದೆಯ 21ನೇ ಕಲಂ ಇದಕ್ಕೆ ಹೇಳುತ್ತಿದ್ದದ್ದು ಇಷ್ಟು: ಯಂತ್ರದ ಅಪಾಯಕಾರಿ ಭಾಗಕ್ಕೆ ಗಟ್ಟಿಮುಟ್ಟಾದ ರಕ್ಷೆಯ ಭದ್ರ ಬೇಲಿ ಇರತಕ್ಕದ್ದು, ಯಂತ್ರ ಓಡುತ್ತಿರುವಷ್ಟು ಹೊತ್ತೂ ಅದು ತನ್ನ ಜಾಗದಲ್ಲೇ ಇರತಕ್ಕದ್ದು. ಸ್ಪಷ್ಟ ಮಾತು. ಆದರೆ ಬೇಲಿ ಎಷ್ಟು ದೂರ, ಎಷ್ಟು ಸಂದು, ಯಾವ ಪ್ರೆಸ್‌ಗೆ ಯಾವ ಬಗೆ ಎಂಬುದು ಆ ಸಾಲಿನಲ್ಲಿ ಇಲ್ಲ. ಅದನ್ನು ತಿಳಿಯಲು ಮಾನಕದ ಕಡೆಗೇ ಹೋಗಬೇಕು.

"ನಮ್ಮಲ್ಲಿ ಸೆನ್ಸರ್ ಇದೆ ಮೇಡಂ" ಎಂದು ಮಾಲೀಕರು ಉತ್ಸಾಹದಿಂದ ಎರಡನೇ ಪ್ರೆಸ್ ತೋರಿಸಿದರು. ಡೈಯ ಎರಡೂ ಬದಿಗೆ ಹಳದಿ ಕಂಬ, ನಡುವೆ ಕಣ್ಣಿಗೆ ಕಾಣದ ಬೆಳಕಿನ ಪರದೆ. ಲೈಟ್ ಕರ್ಟನ್. ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಬೇಕು. ಕಂಪನಿಯವರು ಸರಬರಾಜುದಾರರಿಗೆ ಕೊಟ್ಟ ಸುರಕ್ಷತಾ ಪಟ್ಟಿಯಲ್ಲಿ 'ಸೆನ್ಸರ್ ಇದೆಯೇ' ಎಂಬ ಪ್ರಶ್ನೆ ಇತ್ತಂತೆ. ಸಾಲ ಮಾಡಿ ಹಾಕಿಸಿದ್ದಾರೆ. ಹಿರಿಯರು ಬಗ್ಗಿ ಪ್ರೆಸ್‌ನ ಹಿಂಬದಿಯ ಫ್ಲೈವೀಲ್ ನೋಡಿದರು.

"ಇದು ಪಿನ್ ಕ್ಲಚ್ ಅಲ್ವಾ?"

"ಹೌದು ಸಾರ್, ಹಳೇ ಪ್ರೆಸ್ಸು."

"ಪಿನ್ ಒಂದ್ಸಲ ಕಚ್ಚಿದ್ಮೇಲೆ ಸುತ್ತು ಪೂರ್ತಿ ಮುಗೀಲೇಬೇಕು. ನಡುವೆ ನಿಲ್ಲಲ್ಲ. ಸೆನ್ಸರ್ ನೋಡುತ್ತೆ, ಆದ್ರೆ ನಿಲ್ಸೋಕಾಗಲ್ಲ."

ಮಾಲೀಕರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆಡಿಟ್‌ಗೆ ಬಂದೋರು ಫೋಟೊ ತಗೊಂಡು ಹೋದ್ರು ಸಾರ್, ಇದನ್ನ ಯಾರೂ ಹೇಳ್ಲಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ನಡುವೆಯೇ ನಿಲ್ಲಬಲ್ಲ ಗಾಳಿಯ ಕ್ಲಚ್ಚಿನ ಪ್ರೆಸ್‌ಗೆ ಮಾತ್ರ ಲೈಟ್ ಕರ್ಟನ್ ಸಲ್ಲುತ್ತದೆ. ಅಲ್ಲಿಯೂ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಐಎಸ್‌ಒ 13855ರಲ್ಲಿ ಲೆಕ್ಕವಿದೆ. ಹತ್ತಿರದ ಅಂತರಕ್ಕೆ ಮನುಷ್ಯನ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆ ಎಂದು ಹಿಡಿಯುತ್ತಾರೆ. ಪ್ರೆಸ್ ನಿಲ್ಲಲು ಸೆಕೆಂಡಿನ ಐದರಲ್ಲೊಂದು ಭಾಗ ಬೇಕಾದರೂ ಪರದೆ ಡೈಯಿಂದ ಕನಿಷ್ಠ 40 ಸೆಂಟಿಮೀಟರ್ ದೂರ ಇರಬೇಕು. ಅದಕ್ಕಿಂತ ಹತ್ತಿರವಿದ್ದರೆ ಯಂತ್ರ ನಿಲ್ಲುವ ಮೊದಲೇ ಬೆರಳು ತಲುಪಿರುತ್ತದೆ. ಇಷ್ಟು ಸೂಕ್ಷ್ಮವಾಗಿ ಯಾವ ಶಾಸನಸಭೆಯೂ ಬರೆಯಲಾರದು. ಇದನ್ನು ಬರೆದವರು ಯಂತ್ರ ಬಲ್ಲವರು, ಬೆರಳು ಹೋದದ್ದನ್ನು ಕಂಡವರು. ಮಾನಕಗಳ ಬಗ್ಗೆ ನನಗಿರುವ ಗೌರವ ಇದೇ ಕಾರಣಕ್ಕೆ. ಆದರೆ ಮಾನಕ ದೊಡ್ಡ ಕಂಪನಿಯ ಕಡತದಿಂದ ಸಣ್ಣ ಶೆಡ್ಡಿಗೆ ಇಳಿಯುವಷ್ಟರಲ್ಲಿ ಅದರ ಲೆಕ್ಕ ಉದುರಿ, 'ಸೆನ್ಸರ್ ಇದೆಯೇ' ಎಂಬ ಒಂದು ಪ್ರಶ್ನೆ ಮಾತ್ರ ಉಳಿದಿರುತ್ತದೆ.

ಹಿರಿಯರು ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಚಿತ್ರ ಬರೆದರು. ಡೈ ಸುತ್ತ ಸರಳಿನ ಗೂಡು, ತಗಡಿನ ಪಟ್ಟಿ ತೂರುವಷ್ಟೇ ಸಂದು, ಬೆರಳು ತೂರದಷ್ಟು. ಬಿಡಿ ತುಂಡುಗಳಿಗೆ ಜಾರುಬಂಡಿ, ಎತ್ತಲು ಇಕ್ಕಳ. "ನಿಮ್ಮ ವೆಲ್ಡಿಂಗ್ ಸೆಟ್ಟಲ್ಲೇ ಆಗುತ್ತೆ. ಈ ಪ್ರೆಸ್ಸಿಗೆ ಇದೇ ಸರಿಯಾದ ಬೇಲಿ" ಎಂದರು. ಒಡಿಶಾದ ಹುಡುಗ ಕೆಲಸ ನಿಲ್ಲಿಸಿ ಬಂದು ಆ ಚಿತ್ರವನ್ನು ತುಂಬಾ ಹೊತ್ತು ನೋಡಿದ.

ಬೆರಳು ಹೋದಮೇಲೆ ಕಾನೂನಿಗೆ ಒಂದು ಪಟ್ಟಿ ಇದೆ. 1923ರ ಪರಿಹಾರ ಕಾಯ್ದೆಯಿಂದ ಬಂದ ಆ ಪಟ್ಟಿ ಗಳಿಕೆಯ ಶಕ್ತಿ ಶೇಕಡಾ ಎಷ್ಟು ಹೋಯಿತೆಂದು ಹೇಳುತ್ತದೆ. ಇಡೀ ಹೆಬ್ಬೆರಳಿಗೆ 30. ಇಡೀ ತೋರುಬೆರಳಿಗೆ 14, ನಡುಬೆರಳಿಗೆ 12. ಉಂಗುರದ ಬೆರಳು ಇಲ್ಲವೇ ಕಿರುಬೆರಳಿಗೆ 7. ಒಂದು ಕೈಯ ಎರಡು ಬೆರಳಿಗೆ 20, ನಾಲ್ಕಕ್ಕೆ 50. ಕಾರ್ಖಾನೆ ಕಾಯ್ದೆ ತಲೆ ಎಣಿಸಿದಂತೆ ಈ ಪರಿಹಾರ ಎಣಿಸುವುದಿಲ್ಲ. ಒಂಬತ್ತು ಜನರ ಶೆಡ್ಡಿಗೂ ಸಲ್ಲುತ್ತದೆ. ಅಂದರೆ ಬೆರಳು ಹೋದಮೇಲೆ ಕಾನೂನು ಆ ಶೆಡ್ಡಿಗೆ ಬರುತ್ತದೆ, ಬೆರಳು ಇರುವಾಗ ಬರುವುದಿಲ್ಲ. ಈ ಮಾತನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ಚಿಕ್ಕಪ್ಪನದು ಶೇಕಡಾ 20.

ವಾಹನ ಬಿಡಿಭಾಗಗಳ ಸರಪಳಿಯಲ್ಲಿ ಬೆರಳು ಕಳೆದುಕೊಂಡವರ ಲೆಕ್ಕವನ್ನು 'ಸೇಫ್ ಇನ್ ಇಂಡಿಯಾ' ಎಂಬ ಸಂಸ್ಥೆ 2019ರಿಂದ 'ಕ್ರಷ್ಡ್' ಎಂಬ ವರದಿಗಳಲ್ಲಿ ಕೊಡುತ್ತಾ ಬಂದಿದೆ. ಅದು ಹೆಚ್ಚಾಗಿ ಹರಿಯಾಣದ ಕಡೆ ಕೆಲಸ ಮಾಡುವ ಸಂಸ್ಥೆ. ಆದರೆ ಅಲ್ಲಿ ಮತ್ತೆ ಮತ್ತೆ ಬರುವ ಯಂತ್ರದ ಹೆಸರು ಇಲ್ಲಿಯದೇ: ಪವರ್ ಪ್ರೆಸ್. ಕಾರಿನ ಕಂಪನಿಯ ನೀತಿಸಂಹಿತೆ ನೇರ ಸರಬರಾಜುದಾರರ ಮನೆಯಂಗಳದವರೆಗೆ ಬರುತ್ತದೆ. ಅವರಿಂದ ಜಾಬ್‌ವರ್ಕ್ ಹಿಡಿದವರ, ಅವರಿಂದ ಮತ್ತೆ ಹಿಡಿದವರ ಶೆಡ್ಡಿನವರೆಗೆ ಬರುವಷ್ಟು ಉಸಿರು ಅದಕ್ಕೆ ಇರುವುದಿಲ್ಲ.

ಮಧ್ಯಾಹ್ನ ನಾವು ದೀಪವಿದ್ದ ಪ್ರಮಾಣಪತ್ರದ ಕಾರ್ಖಾನೆಗೇ ಮರಳಿದೆವು. ಗಿರಾಕಿಗೆ ತೋರಿಸಲು ಇಟ್ಟದ್ದು ಎಂದ ಮಾತ್ರಕ್ಕೆ ಅದು ಬರೀ ತೋರಿಕೆ ಎಂದುಕೊಂಡರೆ ತಪ್ಪಾಗುತ್ತದೆ. ಒಳಗೆ ನಡೆದಾಗ ನಾನು ಕಂಡದ್ದು ಬೇರೆ. ರಿಪೇರಿಗೆ ನಿಲ್ಲಿಸಿದ ಯಂತ್ರದ ಸ್ವಿಚ್ಚಿಗೆ ಕೆಂಪು ಬೀಗ, ಬೀಗಕ್ಕೆ ರಿಪೇರಿ ಮಾಡುವವನ ಫೋಟೊ ಇರುವ ಚೀಟಿ, ಕೀಲಿ ಅವನ ಜೇಬಿನಲ್ಲಿ. ಅವನು ಹೊರಬರುವ ತನಕ ಎಂಡಿ ಬಂದರೂ ಯಂತ್ರ ಓಡದು. ಗೋಡೆಯ ಮೇಲೆ 'ನಿಯರ್ ಮಿಸ್' ಪಟ್ಟಿ: ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳು. ಮೇಲಿಂದ ಸ್ಪ್ಯಾನರ್ ಬಿತ್ತು, ಯಾರಿಗೂ ತಾಗಲಿಲ್ಲ. ಎಣ್ಣೆಯ ಮೇಲೆ ಫೋರ್ಕ್‌ಲಿಫ್ಟ್ ಜಾರಿತು, ಏನೂ ಆಗಲಿಲ್ಲ. ಬರೆದವರು ಕೆಲಸಗಾರರೇ, ಕೆಲವು ಕನ್ನಡದಲ್ಲಿ, ಕೆಲವು ಹಿಂದಿಯಲ್ಲಿ.

ಹಳೆಯ ಕಾಯ್ದೆ ಅಪಘಾತದ ವರದಿ ಕೇಳುತ್ತಿದ್ದದ್ದು ಯಾರಾದರೂ ಸತ್ತರೆ, ಅಥವಾ ಗಾಯಗೊಂಡು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ. ಯಾರಿಗೂ ತಾಗದ ಸ್ಪ್ಯಾನರಿಗೆ ಕಾನೂನಿನ ಪುಸ್ತಕದಲ್ಲಿ ಜಾಗವಿಲ್ಲ. ಮಾನಕಕ್ಕೆ ಆ ಸ್ಪ್ಯಾನರೇ ಮುಖ್ಯ. 2018ರ ಮಾರ್ಚ್‌ನಲ್ಲಿ ಹೊರಬಂದ ಐಎಸ್‌ಒ 45001 ಕ್ರಮವಾಗಿ ಐದು ಪ್ರಶ್ನೆ ಕೇಳಿಸುತ್ತದೆ: ಅಪಾಯವನ್ನೇ ತೆಗೆದುಹಾಕಬಹುದೇ? ಬೇರೆಯದನ್ನು ಬಳಸಬಹುದೇ? ಯಂತ್ರಕ್ಕೇ ತಡೆ ಕಟ್ಟಬಹುದೇ? ಕೆಲಸದ ಪದ್ಧತಿ ಬದಲಿಸಬಹುದೇ? ಇವು ಯಾವುವೂ ಆಗದಿದ್ದಾಗ ಕೊನೆಗೆ ಹೆಲ್ಮೆಟ್ಟು, ಕೈಗವಸು. ನಮ್ಮಲ್ಲಿ ಬಹಳಷ್ಟು ಕಡೆ ಈ ಐದನೆಯದೇ ಮೊದಲನೆಯದು. ಕೆಲಸಗಾರರನ್ನು ಕೇಳಿಯೇ ತೀರ್ಮಾನ ಮಾಡಬೇಕು ಎಂಬುದೂ ಈ ಮಾನಕದಲ್ಲಿದೆ.

ಒಳ್ಳೆಯದನ್ನು ಒಪ್ಪಿದಮೇಲೆ ಕಷ್ಟದ ಪ್ರಶ್ನೆಯನ್ನೂ ಕೇಳಬೇಕಲ್ಲ. ನಾಳೆ ಈ ಕಾರ್ಖಾನೆ ಆ ಕೆಂಪು ಬೀಗಗಳನ್ನು ಕಿತ್ತು ಬಿಸಾಡಿತು ಅನ್ನಿ. ಏನಾಗುತ್ತದೆ? ಪ್ರಮಾಣಪತ್ರ ಕೊಟ್ಟ ಖಾಸಗಿ ಸಂಸ್ಥೆ ಮುಂದಿನ ಪರಿಶೀಲನೆಯಲ್ಲಿ ಕೊರತೆ ಬರೆಯುತ್ತದೆ, ತಿದ್ದಿಕೊಳ್ಳದಿದ್ದರೆ ಪತ್ರ ಹಿಂಪಡೆಯುತ್ತದೆ. ಅಷ್ಟೇ. ಕೆಲಸಗಾರ ಆ ಪತ್ರ ಹಿಡಿದು ಯಾವ ಇಲಾಖೆಯ ಬಾಗಿಲನ್ನೂ ಬಡಿಯಲಾರ. ಕಾನೂನು ಮುರಿದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕಾರ್ಖಾನೆಗಳ ಇಲಾಖೆ ಇದೆ, ಅದರಾಚೆ ನ್ಯಾಯಾಲಯ ಇದೆ. ಹೊಸ ಸಂಹಿತೆಯ ಪ್ರಕಾರ ಕರ್ತವ್ಯ ಪಾಲಿಸದೆ ಸಾವಾದರೆ ಎರಡು ವರ್ಷದವರೆಗೆ ಸೆರೆ, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಆ ದಂಡದ ಅರ್ಧಕ್ಕೆ ಕಡಿಮೆಯಾಗದ ಪಾಲನ್ನು ಸತ್ತವರ ಮನೆಯವರಿಗೇ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಕೇಳುವ ಹಕ್ಕು ಯಾರ ಕೈಯಲ್ಲಿದೆ ಎಂಬುದರಲ್ಲಿ ಇಡೀ ವ್ಯತ್ಯಾಸ ಅಡಗಿದೆ. ಮಾನಕದಲ್ಲಿ ಕೇಳುವವನು ಗಿರಾಕಿ, ಕಾನೂನಿನಲ್ಲಿ ಕೆಲಸಗಾರನೂ ಕೇಳಬಹುದು.

ಕೊನೆಗೆ ಹೋದದ್ದು ಗಾರ್ಮೆಂಟ್ಸ್ ಕಾರ್ಖಾನೆ. ನಾಲ್ಕು ಮಹಡಿ, ಸಾಲು ಸಾಲು ಹೊಲಿಗೆ ಯಂತ್ರ, ಬಹುತೇಕ ಹೆಣ್ಣುಮಕ್ಕಳು. ಇಸ್ತ್ರಿಗೆ ಬೇಕಾದ ಹಬೆಗೆ ಹಿಂದುಗಡೆ ಒಂದು ಬಾಯ್ಲರ್. ಅಲ್ಲಿಯ ಫಿಟ್ಟರ್ ಪೈಪು ತೋರಿಸುತ್ತಾ "ಇದು ಐಬಿಆರ್ ಪೈಪು, ಇದು ಐಬಿಆರ್ ವಾಲ್ವು" ಎಂದ. ಅವನ ಬಾಯಲ್ಲಿ ಅದು ಸರಕಿನ ಜಾತಿಯ ಹೆಸರು. ನಿಜಕ್ಕೆ ಅದು 1950ರ ಭಾರತೀಯ ಬಾಯ್ಲರ್ ನಿಯಮಾವಳಿ. ಪೈಪಿನ ದಪ್ಪ, ಬೆಸುಗೆಯ ಪರೀಕ್ಷೆ, ಎಲ್ಲ ತಾಂತ್ರಿಕ ವಿವರವೂ ಅದರಲ್ಲಿ ಕಾನೂನೇ ಆಗಿದೆ. ಕಲ್ಕತ್ತೆಯಲ್ಲಿ 1863ರಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತಾಗ ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು; ಈ ಪರಂಪರೆಯ ಬೇರು ಅಲ್ಲಿದೆ. ಅಮೆರಿಕದ ಬ್ರಾಕ್ಟನ್ ಎಂಬ ಊರಿನ ಬೂಟಿನ ಕಾರ್ಖಾನೆಯಲ್ಲಿ 1905ರ ಮಾರ್ಚ್ 20ರಂದು ಬಾಯ್ಲರ್ ಸಿಡಿದು 58 ಜನ ಸತ್ತರು. ಎರಡು ವರ್ಷದಲ್ಲಿ ಆ ಮ್ಯಾಸಚೂಸೆಟ್ಸ್ ರಾಜ್ಯ ಕಾನೂನು ಮಾಡಿತು. ಅದರ ಬೆನ್ನಿಗೆ ಅಲ್ಲಿಯ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇ ತಾನೇ ಮಾನಕ ಬರೆಯಿತು, ಒಂದೊಂದೇ ರಾಜ್ಯ ಅದನ್ನು ಕಾನೂನಿನೊಳಗೆ ಸೇರಿಸಿಕೊಂಡಿತು. ಎಂಜಿನಿಯರನ ವಿದ್ಯೆ ಮತ್ತು ಸರ್ಕಾರದ ಅಧಿಕಾರ ಹೀಗೆ ಕೈ ಹಿಡಿದ ಕಡೆ ಬಾಯ್ಲರುಗಳು ಸಿಡಿಯುವುದು ಕಡಿಮೆಯಾಯಿತು. ನನಗೆ ಸರಿಯೆನಿಸುವ ದಾರಿ ಇದೇ.

ಮೂರನೇ ಮಹಡಿಯ ತುರ್ತು ಬಾಗಿಲು ತೆರೆದೇ ಇತ್ತು, ಮೆಟ್ಟಿಲ ಮೇಲೆ ಒಂದು ಪೆಟ್ಟಿಗೆಯೂ ಇರಲಿಲ್ಲ. ವಿದೇಶಿ ಖರೀದಿದಾರರ ಆಡಿಟ್ ಆಗಾಗ ನಡೆಯುತ್ತದೆ ಎಂದರು ವ್ಯವಸ್ಥಾಪಕರು. ಕೆಳಗಿಳಿದು ಚಹಾ ಕುಡಿಯುವಾಗ, ಹಿಂದೆ ಬೇರೊಂದು ಕಡೆ ಹೊಲಿಯುತ್ತಿದ್ದ ಹೆಣ್ಣುಮಗಳೊಬ್ಬಳು ಹೇಳಿದಳು: "ಅಲ್ಲಿ ಆಡಿಟ್ ದಿನ ಮೆಟ್ಲೆಲ್ಲ ಖಾಲಿ ಮಾಡಿಸ್ತಿದ್ರು ಅಕ್ಕ, ಸಂಜೆಗೆ ಮತ್ತೆ ಬಾಕ್ಸು ಬಂದು ಕೂರ್ತಿದ್ವು."

ಆ ಪೆಟ್ಟಿಗೆಗಳು ಎಷ್ಟು ಭಾರ ಎಂಬುದಕ್ಕೆ ಕರಾಚಿಯೇ ಸಾಕ್ಷಿ. 2012ರ ಸೆಪ್ಟೆಂಬರ್ 11ರಂದು ಅಲ್ಲಿಯ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. ಅದಕ್ಕೆ ಕೆಲವೇ ವಾರ ಮೊದಲು ಆ ಕಾರ್ಖಾನೆಗೆ ಎಸ್‌ಎ 8000 ಎಂಬ ಅಂತಾರಾಷ್ಟ್ರೀಯ ಸ್ವಯಂಪ್ರೇರಿತ ಮಾನಕದ ಪ್ರಮಾಣಪತ್ರ ಸಿಕ್ಕಿತ್ತು. ಮಾನಕದ ಪುಸ್ತಕದಲ್ಲಿ ತಪ್ಪಿರಲಿಲ್ಲ. ನೋಡಲು ಹೋದ ಕಣ್ಣು ನೋಡಲಿಲ್ಲ, ನೋಡದ ಆ ಕಣ್ಣನ್ನು ಹಿಡಿದು ಕೇಳುವ ಅಧಿಕಾರ ಒಳಗಿದ್ದವರಿಗೆ ಇರಲಿಲ್ಲ.

ಮರುವರ್ಷ, 2013ರ ಏಪ್ರಿಲ್ 24ರಂದು, ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಮೇಲೆ ಮೂರನೆಯ ಬಗೆಯೊಂದು ಹುಟ್ಟಿತು. ಬಟ್ಟೆಯ ಬ್ರ್ಯಾಂಡುಗಳೂ ಕಾರ್ಮಿಕ ಸಂಘಗಳೂ ಸೇರಿ ಬಾಂಗ್ಲಾದೇಶದ 'ಅಕಾರ್ಡ್' ಎಂಬ ಕಾರ್ಖಾನೆ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿದವು. ಸೇರುವುದು ಬಿಡುವುದು ಬ್ರ್ಯಾಂಡಿನ ಇಷ್ಟ. ಸೇರಿದಮೇಲೆ ಮಾತು ತಪ್ಪಿದರೆ ಸಂಘಗಳು ಮಧ್ಯಸ್ಥಿಕೆಗೆ ಎಳೆಯಬಹುದು. ಎಳೆದವು ಕೂಡ. ಎರಡು ಬ್ರ್ಯಾಂಡುಗಳ ವಿರುದ್ಧ ಹೇಗ್ ನಗರದ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ದಾವೆ ಹೂಡಿ, ರಿಪೇರಿಯ ಹಣಕ್ಕೆ ರಾಜಿ ಮಾಡಿಸಿಕೊಂಡವು. ಕೇಳುವ ಹಕ್ಕು ಕೆಲಸಗಾರರ ಕಡೆ ಬಂದಾಗ ಸ್ವಯಂಪ್ರೇರಿತ ಮಾತಿಗೂ ಹಲ್ಲು ಬರುತ್ತದೆ.

ಕಾನೂನಿನ ಹಲ್ಲನ್ನೂ ಮರಣಗಳೇ ಮೂಡಿಸಿವೆ. ನಮ್ಮ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿದ ಭಾಗಗಳು ಭೋಪಾಲದಲ್ಲಿ ವಿಷಾನಿಲ ಸೋರಿದ 1984ರ ಆ ಡಿಸೆಂಬರ್ ರಾತ್ರಿಯ ನಂತರ ಬಂದವು: ಮಾಲೀಕನ ಸಾಮಾನ್ಯ ಕರ್ತವ್ಯ, ಅಪಾಯಕಾರಿ ಉತ್ಪಾದನೆ ಇರುವಲ್ಲಿ ಕೆಲಸಗಾರರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ, ಕಣ್ಣೆದುರಿನ ಅಪಾಯವನ್ನು ಎತ್ತಿ ಹೇಳುವ ಹಕ್ಕು. ಅಪಾಯದ ಮಾಹಿತಿ ಪಡೆಯುವ, ಅದನ್ನು ಮಾಲೀಕನ ಗಮನಕ್ಕೂ ಅಧಿಕಾರಿಯ ಗಮನಕ್ಕೂ ತರುವ ಹಕ್ಕು ಹೊಸ ಸಂಹಿತೆಯಲ್ಲೂ ಇದೆ. ಗೇಟಿನ ಬೋರ್ಡು ಇಂಗ್ಲಿಷಿನಲ್ಲಿಯೂ, ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ಹಳೆಯ ಕಾಯ್ದೆ ಹೇಳಿತ್ತು. ಒಡಿಶಾದ ಹುಡುಗನಿಗೆ ಆ 'ತಕ್ಕದ್ದು'ವನ್ನು ಓದಿ ಹೇಳುವವರು ಯಾರು? ಕನ್ನಡದ ಬೋರ್ಡು ಇರಲೇಬೇಕು. ಪಕ್ಕದಲ್ಲಿ ಅವನ ಲಿಪಿಯಲ್ಲೂ ನಾಲ್ಕು ಸಾಲು ಬರೆಸಿದರೆ ಕನ್ನಡಕ್ಕೆ ಕುಂದಿಲ್ಲ.

ಸಂಜೆ ಪಾಳಿ ಬಿಡುವ ಹೊತ್ತಿಗೆ ಹಿರಿಯರನ್ನು ಮೆಟ್ರೊ ನಿಲ್ದಾಣದವರೆಗೆ ಬಿಟ್ಟೆ. ಒಂದು ಮಾತು ಅವರನ್ನು ಕೇಳಲೇಬೇಕಿತ್ತು. ಒಂಬತ್ತು ಜನರ ಶೆಡ್ಡಿಗೆ ದಾರಿಯೇ ಇಲ್ಲವೇ?

"ಇದೆ" ಎಂದರು. "ಜೀವಕ್ಕೆ ಅಪಾಯ ಇರೋ ಕೆಲಸ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ರೆ, ಒಬ್ಬನೇ ಕೆಲಸಗಾರ ಇದ್ರೂ ಸಂಹಿತೆ ಅನ್ವಯ ಆಗುತ್ತೆ. 18ನೇ ಕಲಮಿನಲ್ಲಿ ಸುರಕ್ಷತೆಯ ಸ್ಟ್ಯಾಂಡರ್ಡುಗಳನ್ನ ಸರ್ಕಾರವೇ ಘೋಷಿಸೋದಕ್ಕೂ ಅವಕಾಶ ಇದೆ. ಬಾಗಿಲು ಇದೆಯಮ್ಮ, ತೆಗೀಬೇಕು."

ಹಾಗಾದರೆ ತೆಗೆಯಲಿ. ಪವರ್ ಪ್ರೆಸ್ ಕೆಲಸವನ್ನು ಆ ಪಟ್ಟಿಗೆ ಸೇರಿಸಲಿ. ಪಿನ್ ಕ್ಲಚ್ಚಿನ ಪ್ರೆಸ್‌ಗೆ ಸರಳಿನ ಗೂಡು, ಗಾಳಿಯ ಕ್ಲಚ್ಚಿನದಕ್ಕೆ ಸರಿಯಾದ ದೂರದಲ್ಲಿ ಬೆಳಕಿನ ಪರದೆ ಎಂಬ ಮಾನಕದ ವಿದ್ಯೆಯನ್ನು ಕಾನೂನಿನ 'ತಕ್ಕದ್ದು' ಒಳಗೆ ತರಲಿ. ತಲೆ ಎಣಿಸಿ ಶುರುವಾಗುವ ಕಾನೂನು ಈ ಒಂದು ಕೆಲಸದಲ್ಲಾದರೂ ಯಂತ್ರ ಎಣಿಸಿ ಶುರುವಾಗಲಿ. ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿಗಳನ್ನೂ ಕೇಳಿಕೊಳ್ಳುತ್ತೇನೆ: ಪಟ್ಟಿ ಹಿಡಿದು ಫೋಟೊ ತೆಗೆಯುವವರ ಜೊತೆ, ಫ್ಲೈವೀಲ್ ಹಿಂದೆ ಬಗ್ಗಿ ನೋಡಬಲ್ಲ ಒಬ್ಬರನ್ನು ಕಳಿಸಿ.

ರಾತ್ರಿ ಊರಿಗೆ ಫೋನು ಮಾಡಿದೆ. ಇಷ್ಟು ವರ್ಷ ಕೇಳದೇ ಇದ್ದ ಪ್ರಶ್ನೆ ಕೇಳಿದೆ: ಚಿಕ್ಕಪ್ಪ, ನಿಮ್ಮ ಆ ಶೆಡ್ಡಿನಲ್ಲಿ ಎಷ್ಟು ಜನ ಇದ್ರಿ?

"ಏಳ್ ಜನ ಕಣಮ್ಮ" ಎಂದರು. "ಪ್ರೆಸ್ಸು ನಾಲ್ಕು."